ಸೂರು ಹೋದ ಅರಮನೆಯ ಗೋಡೆ: ಬಿಷಪರ ಪಾಳು ನಿವಾಸಗಳಲ್ಲಿ ಸುಣ್ಣದ ಗಾರೆ ಕೆಲಸ, ನನ್ನ ಅನುಭವ

ವೇಲ್ಸ್‌ನ ಪಶ್ಚಿಮ ತುದಿಯಲ್ಲಿ ಆಲನ್ ಎಂಬ ಸಣ್ಣ ಹೊಳೆ ಹರಿಯುತ್ತದೆ. ಅದರ ಒಂದು ದಡದಲ್ಲಿ ಸೇಂಟ್ ಡೇವಿಡ್ಸ್ ಕಥೀಡ್ರಲ್. ಎದುರು ದಡದಲ್ಲಿ ಅಲ್ಲಿನ ಬಿಷಪರು ಮಧ್ಯಯುಗದಲ್ಲಿ ಕಟ್ಟಿಕೊಂಡ ಅರಮನೆ. ಎರಡರ ಮೇಲೆ ಬೀಳುವ ಮಳೆ ಒಂದೇ, ಬೀಸುವ ಉಪ್ಪುಗಾಳಿ ಒಂದೇ. ಕಥೀಡ್ರಲ್‌ಗೆ ಸೂರು ಉಳಿಯಿತು, ಕಾಲಕಾಲಕ್ಕೆ ದುರಸ್ತಿ ಸಿಕ್ಕಿತು, ಇವತ್ತಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಅರಮನೆಯ ಸೂರಿನ ಸೀಸದ ಹಾಳೆಗಳನ್ನು 1536ರಿಂದ 1548ರವರೆಗೆ ಬಿಷಪರಾಗಿದ್ದ ವಿಲಿಯಂ ಬಾರ್ಲೊ ಕೀಳಿಸಿದರೆಂದು ಹೇಳುತ್ತಾರೆ. ಐದು ಹೆಣ್ಣುಮಕ್ಕಳ ಮದುವೆ ಖರ್ಚಿಗೆ ಆ ಸೀಸ ಮಾರಿದರೆಂಬುದು ಜನರ ಬಾಯಲ್ಲಿ ಉಳಿದ ಕಥೆ. ಕಥೆ ಹೇಗೇ ಇರಲಿ, ಸೀಸ ಹೋದ ಮೇಲೆ ಮರದ ತೊಲೆಗಳು ನೆನೆದು ಕೊಳೆತವು, ಸೂರು ಬಿತ್ತು, ಗೋಡೆಗಳ ನೆತ್ತಿ ಆಕಾಶಕ್ಕೆ ತೆರೆದುಕೊಂಡಿತು.

ಇಂಥ ಗೋಡೆಗಳ ಸಂದು ತುಂಬುವುದು, ನೆತ್ತಿ ಮುಚ್ಚುವುದು, ಗೋಡೆಯ ನಡುವೆ ತುಂಬಿದ ಚೂರುಕಲ್ಲಿನ ಒಡಲು ಸಡಿಲವಾಗಿದ್ದರೆ ಬಿಗಿ ಮಾಡುವುದು ನನ್ನ ಕಸುಬು. ಸೇಂಟ್ ಡೇವಿಡ್ಸ್ ಅರಮನೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಕೆಲಸ ಯಾವ ಕ್ರಮದಲ್ಲಿ ಸಾಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಬರೆಯುತ್ತೇನೆ. ವೇಲ್ಸ್‌ನ ಲ್ಯಾಂಫಿ, ಇಂಗ್ಲೆಂಡಿನ ಲಿಂಕನ್, ವಿಂಚೆಸ್ಟರ್‌ನ ವುಲ್ವ್‌ಸೀ, ಬಿಷಪ್ಸ್ ವಾಲ್ಥಮ್ ಇವೆಲ್ಲ ಇದೇ ಜಾತಿಯ ಪಾಳುಗಳು. ಕಲ್ಲು ಬೇರೆ, ಕಾಯಿಲೆ ಒಂದೇ.

ಮೊದಲು ಗೋಡೆ ಓದಬೇಕು

ಕರಣೆ ಹಿಡಿಯುವ ಮೊದಲು ಎರಡು ಮೂರು ದಿನ ಬರೀ ನೋಡುವುದಕ್ಕೆ ಇಡುತ್ತೇನೆ. ಪಾಳುಗೋಡೆಯಲ್ಲಿ ಒಂದು ತೂತೂ ಸುಮ್ಮನೆ ಇರುವುದಿಲ್ಲ. ಅದು ಏನೆಂದು ತಿಳಿಯದೆ ಗಾರೆ ತುರುಕಿದರೆ ಆರುನೂರು ವರ್ಷದ ಸಾಕ್ಷಿ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತದೆ.

ಸೇಂಟ್ ಡೇವಿಡ್ಸ್ ಅರಮನೆಯ ಮುಖ್ಯ ಭಾಗಗಳು ಇಬ್ಬರು ಬಿಷಪರ ಕಾಲದವು. 1280ರಿಂದ 1293ರವರೆಗೆ ಇದ್ದ ಥಾಮಸ್ ಬೆಕ್ ಕಾಲದಲ್ಲಿ ಬಿಷಪರ ಸ್ವಂತ ವಾಸದ ಕೋಣೆಗಳು ಮತ್ತು ಪ್ರಾರ್ಥನಾ ಮಂದಿರ ಎದ್ದವು. 1284ರಲ್ಲಿ ಮೊದಲನೆಯ ಎಡ್ವರ್ಡ್ ದೊರೆ ಮತ್ತು ರಾಣಿ ಎಲಿನರ್ ಈ ಊರಿಗೆ ಯಾತ್ರೆ ಬಂದಿದ್ದರು. ದೊಡ್ಡ ಅತಿಥಿಗಳನ್ನು ಉಳಿಸಿಕೊಳ್ಳುವ ಜಾಗ ಇಂಥ ಊರಿಗೆ ಬೇಕೇ ಬೇಕಿತ್ತು. ಆಮೇಲೆ 1328ರಿಂದ 1347ರವರೆಗೆ ಬಿಷಪರಾಗಿದ್ದ ಹೆನ್ರಿ ಡಿ ಗವರ್ ದೊಡ್ಡ ಸಭಾಂಗಣ ಕಟ್ಟಿಸಿದರು. ಅಂಗಳದ ಪೂರ್ವಕ್ಕೆ ಬಿಷಪರ ಸ್ವಂತ ಸಭಾಂಗಣ, ದಕ್ಷಿಣಕ್ಕೆ ಅತಿಥಿಗಳ ದೊಡ್ಡ ಸಭಾಂಗಣ, ಎರಡೂ ಸೇರುವ ಮೂಲೆಯಲ್ಲಿ ಅಡುಗೆಮನೆ. ಕೆಳಗೆಲ್ಲ ಕಮಾನು ಚಾವಣಿಯ ನೆಲಮಾಳಿಗೆ. ಊಟ, ಸಭೆ, ಮರ್ಯಾದೆ ಎಲ್ಲ ಮೇಲೆ. ದವಸ, ಪೀಪಾಯಿ, ಸಾಮಾನು ಕೆಳಗೆ.

ಡಿ ಗವರ್ ಅವರ ಗುರುತು ಗೋಡೆಯ ನೆತ್ತಿಯಲ್ಲಿದೆ. ಸಾಲು ಸಾಲು ಸಣ್ಣ ಕಮಾನುಗಳ ಕೈಪಿಡಿ ಗೋಡೆ, ಅದರಲ್ಲಿ ನೇರಳೆ ಕಲ್ಲು ಮತ್ತು ತಿಳಿ ಬಣ್ಣದ ಕಲ್ಲು ಒಂದರ ಪಕ್ಕ ಒಂದು, ಚದುರಂಗದ ಮಣೆಯಂತೆ. ಇದೇ ಬಗೆಯ ಕಮಾನು ಸಾಲು ಲ್ಯಾಂಫಿಯಲ್ಲೂ ಸ್ವಾನ್ಸೀ ಕೋಟೆಯಲ್ಲೂ ಕಾಣುತ್ತದೆ. ಕಮಾನುಗಳ ಬುಡದಲ್ಲಿ ಮನುಷ್ಯರ, ಪ್ರಾಣಿಗಳ, ಯಾವ ಲೋಕದಲ್ಲೂ ಇಲ್ಲದ ಮೃಗಗಳ ಮುಖ ಕೆತ್ತಿದ ಚಾಚುಗಲ್ಲುಗಳಿವೆ. ದೊಡ್ಡ ಸಭಾಂಗಣದ ಪೂರ್ವದ ತ್ರಿಕೋನ ಗೋಡೆಯ ಮೇಲ್ತುದಿಯಲ್ಲಿ ಚಕ್ರದ ಆಕಾರದ ಕಲ್ಲುಕಿಟಕಿ ಇನ್ನೂ ನಿಂತಿದೆ. ಗಾಜಿಲ್ಲ, ಸೂರಿಲ್ಲ, ಹಿಂದೆ ಬರೀ ಆಕಾಶ. ಅದರ ಕಲ್ಲುಕಡ್ಡಿಗಳು ಒಂದನ್ನೊಂದು ತಳ್ಳಿಕೊಂಡೇ ನಿಂತಿವೆ. ನೋಡಿದಾಗಲೆಲ್ಲ ಕಟ್ಟಿದ ಕೈಗಳ ಬಗ್ಗೆ ಗೌರವ ಉಕ್ಕುತ್ತದೆ.

ಗೋಡೆ ಓದುವಾಗ ನಾನು ಹುಡುಕುವ ಗುರುತುಗಳು ಹೀಗಿವೆ. ಒಂದೇ ಮಟ್ಟದಲ್ಲಿ ಸಾಲಾಗಿ ಚೌಕಾಕಾರದ ಗುಳಿಗಳಿದ್ದರೆ ಅವು ಮಹಡಿಯ ತೊಲೆಗಳ ತುದಿ ಕೂರುತ್ತಿದ್ದ ಜಾಗ. ಗೋಡೆಯ ನಡುವೆ, ಕಾಲಿಡಲು ನೆಲವೇ ಇಲ್ಲದ ಕಡೆ ಬೆಂಕಿಗೂಡು ನೇತಾಡುತ್ತಿದ್ದರೆ ಆ ಮಹಡಿ ಅಲ್ಲೇ ಇತ್ತು ಎಂದರ್ಥ. ಅಂಗೈ ಅಗಲದ ಸಣ್ಣ ತೂತುಗಳು ಸುಮಾರು ಒಂದೂಕಾಲು ಒಂದೂವರೆ ಮೀಟರ್‌ಗೊಂದು ಸಾಲಿನಂತೆ ಏರಿಹೋಗಿದ್ದರೆ ಅವು ಕಟ್ಟುವಾಗ ಸಾರುವೆಯ ಅಡ್ಡಮರಗಳನ್ನು ಸಿಕ್ಕಿಸಿದ ತೂತುಗಳು. ಆ ಸಾಲುಗಳ ಅಂತರವೇ ಕೆಲಸ ಎಷ್ಟೆಷ್ಟು ಎತ್ತರ ಏರುತ್ತಾ ಹೋಯಿತು ಎಂಬುದರ ಲೆಕ್ಕ. ಎತ್ತರದ ಗೋಡೆಯ ಮೇಲೆ ಓರೆಯಾಗಿ ಒಂದು ಗೆರೆಯೋ ಕಲ್ಲಿನ ಸಣ್ಣ ಚಾಚೋ ಹಾದುಹೋಗಿದ್ದರೆ ಪಕ್ಕದ ಕಟ್ಟಡದ ಸೂರು ಅಲ್ಲಿ ತಾಗಿತ್ತು. ಸಭಾಂಗಣದ ಒಂದು ತುದಿಯಲ್ಲಿ ಅಕ್ಕಪಕ್ಕ ಬಾಗಿಲುಗಳು ಕಂಡರೆ ಅದು ಬಡಿಸುವವರು ಓಡಾಡುವ ತುದಿ. ಅಡುಗೆಮನೆ, ರೊಟ್ಟಿಯ ಕೋಣೆ, ಪಾನೀಯದ ಕೋಣೆ ಆ ಕಡೆಗೆ. ಯಜಮಾನನ ಪೀಠ ಇನ್ನೊಂದು ತುದಿಗೆ. ಗೋಡೆಯೊಳಗೆ ಕಿರಿದಾಗಿ ಇಳಿಯುವ ಕೊಳವೆ ಕಂಡು, ಕೆಳಗೆ ಚರಂಡಿ ಸಿಕ್ಕರೆ ಅದು ಕಕ್ಕಸು.

ಕಲ್ಲಿನ ಮೈಮೇಲಿನ ಉಳಿಗುರುತೂ ಮಾತಾಡುತ್ತದೆ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡಬೇಕು, ಇಲ್ಲದಿದ್ದರೆ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಹಿಡಿಯಬೇಕು. ನಾರ್ಮನ್ ಕಾಲದ, ಅಂದರೆ ಹನ್ನೊಂದು ಹನ್ನೆರಡನೆಯ ಶತಮಾನದ ಕೆಲಸದಲ್ಲಿ ಕೊಡಲಿಯಿಂದ ಹೊಡೆದ ಓರೆಗೆರೆಗಳು ಕಾಣುತ್ತವೆ. 1174ರ ಬೆಂಕಿಯ ನಂತರ ಕ್ಯಾಂಟರ್‌ಬರಿ ಕಥೀಡ್ರಲ್ ಮತ್ತೆ ಕಟ್ಟುವುದನ್ನು ಕಣ್ಣಾರೆ ಕಂಡ ಗರ್ವೇಸ್ ಎಂಬ ಸನ್ಯಾಸಿ, ಹಳೆಯ ಕೆತ್ತನೆ ಕೊಡಲಿಯದು, ಹೊಸದು ಉಳಿಯದು ಎಂದು ಬರೆದಿಟ್ಟಿದ್ದಾರೆ. ಬಾಚಣಿಗೆಯಂಥ ಹಲ್ಲಿನ ಉಳಿಯ ಗುರುತು ಕಂಡರೆ ಆ ಕಲ್ಲು ಸಾಮಾನ್ಯವಾಗಿ ಆ ಬದಲಾವಣೆಯ ಈಚಿನದು.

ದಾಖಲೆ

ಪ್ರತಿ ಗೋಡೆಯನ್ನೂ ಕಲ್ಲು ಕಲ್ಲಾಗಿ 1:20 ಅಳತೆಯಲ್ಲಿ, ನೆಲನಕ್ಷೆಯನ್ನು 1:50ರಲ್ಲಿ ಬರೆಯುತ್ತೇವೆ. ಈಗ ಫೋಟೋ ಜೋಡಿಸಿ ಮೂರು ಆಯಾಮದ ಮಾದರಿ ಮಾಡುವ ಸಾಫ್ಟ್‌ವೇರ್ ಇರುವುದರಿಂದ ಕೆಲಸ ಬೇಗ ಆಗುತ್ತದೆ. ಒಂದು ಫೋಟೋ ಮುಂದಿನದರ ಮೇಲೆ ಶೇಕಡಾ 70ರಷ್ಟಾದರೂ ಹಾಯ್ದಿರಬೇಕು. ಬಿಸಿಲಿನ ದಿನ ಬೇಡ, ನೆರಳು ಕಲ್ಲಿನ ಅಂಚಾಗಿ ಕಾಣುತ್ತದೆ. ಮೋಡ ಮುಚ್ಚಿದ ದಿನವೇ ಒಳ್ಳೆಯದು. ಗೋಡೆಯ ಮೇಲೆ ಅಳತೆ ಗುರುತಿನ ಚೀಟಿಗಳನ್ನು ಅಂಟಿಸುವಾಗ ಕಲ್ಲಿಗಲ್ಲ, ಸಂದಿನಲ್ಲಿ ಸಿಕ್ಕಿಸಿದ ಮರದ ಚಕ್ಕೆಗೆ ಅಂಟಿಸಿ. ಮರಳುಗಲ್ಲಿನ ಮೇಲ್ಪದರ ಟೇಪಿನ ಜೊತೆಗೇ ಎದ್ದುಬರುವುದನ್ನು ಕಂಡಿದ್ದೇನೆ.

ಆದರೂ ಪ್ರಿಂಟ್ ತೆಗೆದ ಚಿತ್ರ ಹಿಡಿದು ಸಾರುವೆಯ ಮೇಲೆ ನಿಂತು, ಬಣ್ಣದ ಪೆನ್ಸಿಲ್‌ನಲ್ಲಿ ಒಂದೊಂದು ಕಲ್ಲಿಗೂ ಗುರುತು ಹಾಕುವುದನ್ನು ನಾನು ಬಿಟ್ಟಿಲ್ಲ. ಅಲುಗುವ ಕಲ್ಲಿಗೆ ಕೆಂಪು, ಟೊಳ್ಳು ಸದ್ದಿಗೆ ನೀಲಿ, ಸಿಮೆಂಟು ಮೆತ್ತಿದ್ದಕ್ಕೆ ಕಪ್ಪು, ಮೂಲ ಗಾರೆ ಉಳಿದಿದ್ದರೆ ಹಸಿರು. ಟೊಳ್ಳು ಪತ್ತೆಗೆ ಸಣ್ಣ ಮರದ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಸಾಕು. ಗಟ್ಟಿ ಗೋಡೆ 'ಟಣ್' ಎನ್ನುತ್ತದೆ, ಮೈಕಲ್ಲು, ಅಂದರೆ ಗೋಡೆಯ ಹೊರಮೈಯ ಕಲ್ಲು, ಒಡಲಿನಿಂದ ಬಿಟ್ಟುಕೊಂಡಿದ್ದರೆ ಒಡೆದ ಮಡಕೆಯ ಸದ್ದು. ಹಸಿರು ಗುರುತಿನ ಜಾಗಕ್ಕೆ ಯಾರೂ ಕೈ ಹಾಕಬಾರದು ಎಂಬುದು ನಮ್ಮ ನಿಯಮ.

ಅಪ್ಪಣೆ ಮತ್ತು ಋತು

ಇಂಥ ಕಟ್ಟಡಗಳು ಕಾನೂನಿನ ರಕ್ಷಣೆಯಲ್ಲಿವೆ. ಇಂಗ್ಲೆಂಡಿನಲ್ಲಿ 1979ರ ಪ್ರಾಚೀನ ಸ್ಮಾರಕ ಕಾಯ್ದೆ, ವೇಲ್ಸ್‌ನಲ್ಲಿ ಈಗ 2023ರ ಚಾರಿತ್ರಿಕ ಪರಿಸರ ಕಾಯ್ದೆ. ಲಿಖಿತ ಒಪ್ಪಿಗೆ ಇಲ್ಲದೆ ಒಂದು ಕಲ್ಲು ಎತ್ತಿಟ್ಟರೂ ಅಪರಾಧ. ಸೇಂಟ್ ಡೇವಿಡ್ಸ್ ಅರಮನೆ 1932ರಲ್ಲಿ ಸರ್ಕಾರದ ಸುಪರ್ದಿಗೆ ಬಂತು, ಈಗ ಕಾಡು (Cadw) ಎಂಬ ವೇಲ್ಸ್‌ನ ಸ್ಮಾರಕ ಸಂಸ್ಥೆ ನೋಡಿಕೊಳ್ಳುತ್ತದೆ.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. ಸಾರುವೆಯ ತೂತುಗಳಲ್ಲಿ ಜ್ಯಾಕ್‌ಡಾ ಎಂಬ ಸಣ್ಣ ಕಾಗೆಗಳು ಕಡ್ಡಿ ತುಂಬಿ ಕೂರುತ್ತವೆ. ಆಳದ ಸಂದುಗಳಲ್ಲಿ ಬಾವಲಿಗಳಿರಬಹುದು. ಎರಡಕ್ಕೂ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಆದ್ದರಿಂದ ಗೂಡು ಕಟ್ಟುವ ಮೊದಲೇ ಪರಿಣತರಿಂದ ತಪಾಸಣೆ ಮಾಡಿಸಿ, ಬಾವಲಿ ಇರುವ ಸಂದುಗಳನ್ನು ಚಿತ್ರದ ಮೇಲೆ ಗುರುತಿಸಿ ಹಾಗೇ ಬಿಡಬೇಕು. ಇತ್ತ ಗಾರೆಗೆ ಬೇಕಾದ ಕಾಲ ಏಪ್ರಿಲ್‌ನಿಂದ ಸೆಪ್ಟೆಂಬರ್. ಎರಡು ಕ್ಯಾಲೆಂಡರುಗಳೂ ಒಂದರ ಮೇಲೊಂದು ಬೀಳುತ್ತವೆ. ವರ್ಷ ಮುಂಚೆ ಯೋಜನೆ ಹಾಕದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಐವಿ ಬಳ್ಳಿ

ಪಾಳುಗೋಡೆಯ ಐವಿ ಬಳ್ಳಿ ನೋಡಲು ಚಂದ. ಕಲ್ಲಿನ ಮೈಗೆ ಅಂಟಿಕೊಂಡಿರುವ ಸಣ್ಣ ಬೇರುಗಳಿಂದ ದೊಡ್ಡ ಹಾನಿ ಇಲ್ಲ. ತೊಂದರೆ ಶುರುವಾಗುವುದು ಅದು ನೆತ್ತಿಯಲ್ಲೋ ಸಂದಿನಲ್ಲೋ ಬೇರು ಬಿಟ್ಟಾಗ. ತೋಳು ದಪ್ಪದ ಕಾಂಡ ಗೋಡೆಯ ಒಡಲಿನೊಳಗೇ ಬೆಳೆದು ಮೈಕಲ್ಲನ್ನು ಹೊರಕ್ಕೆ ತಳ್ಳುತ್ತದೆ.

ಹೊಸಬರು ಮಾಡುವ ತಪ್ಪು: ಬುಡ ಕಡಿದು, ಒಣಗಿದ ಮೇಲೆ ಎಳೆದು ಕೀಳುವುದು. ಬಳ್ಳಿಯ ಜೊತೆ ಕಲ್ಲೂ ಬರುತ್ತದೆ. ಇನ್ನೊಂದು ಸಂಗತಿ, ಬುಡ ಕಡಿದರೂ ಬಳ್ಳಿ ಸಾಯದೇ ಗೋಡೆಯೊಳಗಿನ ತೇವ ಹುಡುಕಿ ಇನ್ನಷ್ಟು ಆಳಕ್ಕೆ ಬೇರಿಳಿಸಬಹುದು. ನಾವು ಮಾಡುವುದು: ಮೊದಲು ಕತ್ತರಿಯಲ್ಲಿ ಎಲೆ, ರೆಂಬೆ ಎಲ್ಲ ಗೋಡೆಯ ಮಟ್ಟಕ್ಕೆ ಸವರುವುದು. ಕಾಂಡವನ್ನು ಗೇಣುದ್ದದ ತುಂಡುಗಳಾಗಿ ಕೊಯ್ದು, ಸಡಿಲ ಬಂದದ್ದನ್ನು ಮಾತ್ರ ತೆಗೆಯುವುದು. ಬುಡದ ಹಸಿ ಗಾಯಕ್ಕೆ ಕಳೆನಾಶಕ ಹಚ್ಚುವುದು. ಒಡಲಿನೊಳಗೆ ಹೊಕ್ಕ ದಪ್ಪ ಬೇರನ್ನು ಕೀಳಲೇಬೇಕಾದರೆ ಸುತ್ತಲಿನ ಕಲ್ಲುಗಳಿಗೆ ನಂಬರು ಬರೆದ ಚೀಟಿ ಕಟ್ಟಿ, ಫೋಟೋ ತೆಗೆದು, ಬಿಚ್ಚಿ, ಬೇರು ತೆಗೆದು, ಅದೇ ದಿನ ವಾಪಸು ಕೂರಿಸುವುದು. ಬೇರನ್ನು ಒಳಗೇ ಬಿಟ್ಟು ಮುಚ್ಚಿದರೆ ಅದು ಕೊಳೆತು ಟೊಳ್ಳು ಕೊಳವೆಯಾಗಿ ಮಳೆನೀರಿಗೆ ದಾರಿ ಮಾಡಿಕೊಡುತ್ತದೆ.

ಸಿಮೆಂಟು ಮಾಡಿದ ಅನಾಹುತ

ಇಪ್ಪತ್ತನೆಯ ಶತಮಾನದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಪಾಳುಗೋಡೆಗಳಿಗೆ ಸಿಮೆಂಟು ಮೆತ್ತಿದರು. ಮೂರಡಿ ದಪ್ಪದ ಗೋಡೆ ಎಂದರೆ ಹೊರಗೊಂದು ಮೈಕಲ್ಲು, ಒಳಗೊಂದು ಮೈಕಲ್ಲು, ನಡುವೆ ಚೂರುಕಲ್ಲು ಮತ್ತು ಸುಣ್ಣದ ಗಾರೆಯ ಒಡಲು. ಅದರೊಳಗೆ ನೀರು ಯಾವುದಾದರೊಂದು ದಾರಿಯಲ್ಲಿ ಹೋಗೇ ಹೋಗುತ್ತದೆ. ಸುಣ್ಣದ ಸಂದಾದರೆ ಅದು ಅಲ್ಲಿಂದಲೇ ಆವಿಯಾಗಿ ಹೊರಬರುತ್ತದೆ. ಸಿಮೆಂಟು ಸಂದು ಬಾಗಿಲು ಹಾಕುತ್ತದೆ. ಆಗ ನೀರು ಕಲ್ಲಿನ ಮೂಲಕವೇ ಹೊರಬರಬೇಕು, ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಉಪ್ಪು ಕಲ್ಲಿನ ಮೇಲ್ಪದರದ ಹಿಂದೆ ಹರಳುಗಟ್ಟಿ ಪುಡಿ ಉದುರಿಸುತ್ತದೆ. ಕಲ್ಲು ಒಳಸರಿದು, ಸಿಮೆಂಟಿನ ಸಂದು ಮಾತ್ರ ಜೇನುಗೂಡಿನ ಅಂಚಿನಂತೆ ಎದ್ದು ನಿಂತಿರುವ ಗೋಡೆ ಕಂಡರೆ ಕಾರಣ ಇದೇ.

ತೆಗೆಯುವಾಗ ಆತುರ ಬೇಡ. ಯಂತ್ರದ ಗರಗಸ ಹಾಕಿದರೆ ಒರಟು ಕಲ್ಲಿನ ಅಂಚು ಒಂದೂ ಉಳಿಯುವುದಿಲ್ಲ. ಕಿರಿದಾದ ಉಳಿ, ಅರ್ಧ ಕೆ.ಜಿ. ಸುತ್ತಿಗೆ, ಏಟು ಯಾವಾಗಲೂ ಸಂದಿನ ನಡುವಿಗೆ, ಕಲ್ಲಿನ ಕಡೆಗೆ ಅಲ್ಲ. ಸಂದಿನ ಅಗಲದ ಎರಡರಷ್ಟು ಆಳ, ಕನಿಷ್ಠ 25 ಮಿ.ಮೀ. ತೆಗೆಯಬೇಕು. ಯಾವುದಾದರೂ ಸಿಮೆಂಟು ತುಂಡು ಕಲ್ಲಿನ ಮೊಗವನ್ನೇ ಕಿತ್ತುಕೊಂಡು ಬರುವಂತಿದ್ದರೆ ನಾನು ಅದನ್ನು ಬಿಟ್ಟುಬಿಡುತ್ತೇನೆ. ಕೆಟ್ಟ ಸಂದನ್ನು ಇನ್ನೊಂದು ತಲೆಮಾರು ತೆಗೆಯಬಹುದು, ಹೋದ ಕಲ್ಲಿನ ಮೊಗ ಮತ್ತೆ ಬರುವುದಿಲ್ಲ.

ಹಳೆಯ ಗಾರೆಯನ್ನು ಕೇಳಿ ಹೊಸದನ್ನು ಕಲಸುವುದು

ಮೂಲ ಗಾರೆಯ ಒಂದು ಹಿಡಿ ತುಂಡನ್ನು ಮುರಿದು ಕಣ್ಣಿನ ಹತ್ತಿರ ಹಿಡಿಯಿರಿ. ಬೂದು ಬಿಳುಪಿನ ನಡುವೆ ಅವರೆಕಾಳು ಗಾತ್ರದ ಹಾಲುಬಿಳಿ ಉಂಡೆಗಳು ಕಾಣುತ್ತವೆ. ಅವು ಪೂರ್ತಿ ಬೆರೆಯದ ಸುಣ್ಣ. ಸುಟ್ಟಸುಣ್ಣವನ್ನು ಮರಳಿನ ಜೊತೆಗೇ ಅರಳಿಸಿ ಕಲಸಿದ್ದರ ಸಾಕ್ಷಿ. ಕಪ್ಪು ಚುಕ್ಕೆಗಳು ಭಟ್ಟಿಯ ಇದ್ದಿಲು. ಮರಳಿನ ಕಾಳು ದುಂಡಗಿದ್ದರೆ ಹೊಳೆಯದೋ ಕಡಲಿನದೋ, ಮೂಲೆಮೂಲೆಯಾಗಿದ್ದರೆ ಗುಂಡಿಯಿಂದ ಅಗೆದದ್ದು.

ಲ್ಯಾಬಿನಲ್ಲಿ ಮಾಡುವ ಸಾಮಾನ್ಯ ಪರೀಕ್ಷೆ ಎಂದರೆ ಪುಡಿ ಮಾಡಿದ ಗಾರೆಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕುವುದು. ಸುಣ್ಣ ನೊರೆಯುಕ್ಕಿ ಕರಗುತ್ತದೆ, ಮರಳು ಉಳಿಯುತ್ತದೆ. ತೂಕದ ವ್ಯತ್ಯಾಸದಿಂದ ಪ್ರಮಾಣ ತಿಳಿಯುತ್ತದೆ. ಕರಾವಳಿಯ ಕಟ್ಟಡಗಳಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ಮರಳಿನಲ್ಲಿ ಕಪ್ಪೆಚಿಪ್ಪಿನ ಚೂರಿದ್ದರೆ ಅದೂ ಸುಣ್ಣದ ಅಂಶವೇ ಆದ್ದರಿಂದ ಅದೂ ಕರಗುತ್ತದೆ, ವರದಿಯಲ್ಲಿ ಸುಣ್ಣ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆಮ್ಲಕ್ಕೆ ಹಾಕುವ ಮೊದಲು ಭೂತಗನ್ನಡಿಯಲ್ಲಿ ಚಿಪ್ಪು ಹುಡುಕಿ, ಸಾಧ್ಯವಾದರೆ ತೆಳುಪದರ ಕೊಯ್ಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ.

ಹೊಸ ಗಾರೆಗೆ ಒಂದೇ ಕಟ್ಟಳೆ: ಪಕ್ಕದ ಕಲ್ಲಿಗಿಂತ ಮೆತ್ತಗಿರಬೇಕು, ಕಲ್ಲಿಗಿಂತ ಸುಲಭವಾಗಿ ತೇವ ಬಿಡಬೇಕು. ಸವೆಯುವುದಾದರೆ ಗಾರೆ ಸವೆಯಲಿ.

ನೀರಿನಲ್ಲೂ ಗಟ್ಟಿಯಾಗುವ ನೈಸರ್ಗಿಕ ಸುಣ್ಣ ಎನ್‌ಎಚ್‌ಎಲ್ ಹೆಸರಲ್ಲಿ ಮೂರು ದರ್ಜೆಯಲ್ಲಿ ಸಿಗುತ್ತದೆ: 2, 3.5, 5. ಚೀಲದ ಮೇಲಿನ ಸಂಖ್ಯೆ ನೋಡಿ ನೆಚ್ಚಿಕೊಳ್ಳಬೇಡಿ. ಯುರೋಪಿನ ಮಾನಕದ ಪ್ರಕಾರ ಕಲಸಿ 28 ದಿನವಾದ ಮೇಲೆ ಒತ್ತಡ ತಾಳುವ ಬಲ 2ನೇ ದರ್ಜೆಗೆ 2ರಿಂದ 7, 3.5ಕ್ಕೆ 3.5ರಿಂದ 10, 5ಕ್ಕೆ 5ರಿಂದ 15 ಮೆಗಾಪಾಸ್ಕಲ್ ಒಳಗೆ ಇದ್ದರೆ ಸಾಕು. ಅಂದರೆ ಒಂದು ಕಂಪನಿಯ 3.5, ಇನ್ನೊಂದರ 5ಕ್ಕಿಂತ ಗಟ್ಟಿ ಇರಬಹುದು. ತಯಾರಕರಿಂದ ನಿಜವಾದ ಪರೀಕ್ಷಾ ಅಂಕಿ ಕೇಳಿ ಪಡೆಯಬೇಕು. ಮಳೆ ನೇರ ಹೊಡೆಯುವ ನೆತ್ತಿಗೆ ನಾನು 3.5 ಬಳಸುತ್ತೇನೆ, ಆಸರೆಯ ಗೋಡೆಗೆ 2. ಮೆತ್ತನೆಯ ಹಳೆಯ ಕಲ್ಲಿನ ಒಳಗೋಡೆಗೆ ಸುಟ್ಟಸುಣ್ಣ ಮತ್ತು ಮರಳಿನ ಬಿಸಿ ಮಿಶ್ರಣ.

ಪ್ರಮಾಣವನ್ನು ಮರಳೇ ಹೇಳುತ್ತದೆ. ಪೂರ್ತಿ ಒಣಗಿದ ಒಂದು ಲೀಟರ್ ಮರಳಿಗೆ ಅಳೆದು ನೀರು ಹುಯ್ಯಿರಿ. ನೀರು ಮೇಲ್ಮಟ್ಟಕ್ಕೆ ಕಾಣುವಾಗ ಸುಮಾರು 330 ಮಿ.ಲೀ. ಹಿಡಿದರೆ ಕಾಳುಗಳ ನಡುವಿನ ಖಾಲಿ ಮೂರರಲ್ಲಿ ಒಂದು ಪಾಲು. ಆ ಖಾಲಿ ತುಂಬುವಷ್ಟು ಸುಣ್ಣ ಬೇಕು, ಹಾಗಾಗಿ 1 ಪಾಲು ಸುಣ್ಣಕ್ಕೆ 3 ಪಾಲು ಮರಳು. 400 ಮಿ.ಲೀ. ಹಿಡಿದರೆ 1ಕ್ಕೆ 2.5. ಮರಳು 4 ಮಿ.ಮೀ.ನಿಂದ ನುಣ್ಣನೆಯವರೆಗೆ ಎಲ್ಲ ಗಾತ್ರವೂ ಇರುವ ಒರಟು ಮರಳಾಗಿರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಕರಕರ ಅನ್ನಬೇಕು. ಗೋಡೆಗೆ ಬಳಿಯುವ ನುಣ್ಣನೆಯ ಮರಳು ಹಾಕಿದರೆ ಗಾರೆ ಒಣಗುವಾಗ ಬಿರುಕು ಬಿಡುತ್ತದೆ.

ಬಿಸಿ ಮಿಶ್ರಣದಲ್ಲಿ ಲೆಕ್ಕ ಬೇರೆ. ಸುಟ್ಟಸುಣ್ಣ ಅರಳುವಾಗ ಹೆಚ್ಚುಕಡಿಮೆ ಎರಡರಷ್ಟು ಉಬ್ಬುತ್ತದೆ. ಆದ್ದರಿಂದ 1ಕ್ಕೆ 3 ಎಂದು ಅಳೆದು ಹಾಕಿದ್ದು ಕಲಸಿದ ಮೇಲೆ 2ಕ್ಕೆ 3ರ ಹತ್ತಿರ ಬರುತ್ತದೆ. ಮಧ್ಯಯುಗದ ಗಾರೆ ಸುಣ್ಣದಲ್ಲಿ ಅಷ್ಟು ಸಮೃದ್ಧವಾಗಿರುವುದಕ್ಕೆ ಕಾರಣ ಇದೇ. ನೀರು ಬಿದ್ದೊಡನೆ ಬಿಸಿ 100 ಡಿಗ್ರಿ ದಾಟಬಹುದು, ಉಂಡೆಗಳು ಸಿಡಿಯುತ್ತವೆ. ಮುಚ್ಚಿದ ಕನ್ನಡಕ, ಉದ್ದ ಕೈಗವಸು, ಪಕ್ಕದಲ್ಲಿ ಕಣ್ಣು ತೊಳೆಯುವ ಸೀಸೆ ಇಲ್ಲದೆ ಯಾರನ್ನೂ ಹತ್ತಿರ ಬಿಡುವುದಿಲ್ಲ.

ನಮ್ಮ ಕಡೆ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕುವ ಪದ್ಧತಿ ಇದೆ, ಅದು ಆ ಮಣ್ಣಿಗೆ, ಆ ಬಿಸಿಲಿಗೆ ಹೊಂದಿದ ವಿದ್ಯೆ. ಇಲ್ಲಿ ಯಾಕೆ ಹಾಕಬಾರದು ಎಂದು ಕನ್ನಡದ ವಿದ್ಯಾರ್ಥಿಗಳು ಕೇಳುತ್ತಾರೆ. ಆ ಗೋಡೆಯ ಮೂಲ ಗಾರೆಯ ಪರೀಕ್ಷೆಯಲ್ಲಿ ಕಾಣದ್ದನ್ನು ನಾವು ಸೇರಿಸುವುದಿಲ್ಲ, ಅಷ್ಟೇ ಕಾರಣ.

ಸಂದು ತುಂಬುವ ಕೈ

ಹಿಂದಿನ ದಿನ ಸಂಜೆ ಗೋಡೆ ನೆನೆಸಬೇಕು, ಬೆಳಿಗ್ಗೆ ಮತ್ತೆ ಸಿಂಪಡಿಸಬೇಕು. ಕಲ್ಲು ತೇವವಾಗಿರಬೇಕು, ಆದರೆ ಮೇಲೆ ನೀರು ಹೊಳೆಯಬಾರದು. ಒಣಕಲ್ಲು ಗಾರೆಯ ನೀರನ್ನು ನಿಮಿಷದಲ್ಲಿ ಹೀರಿಬಿಡುತ್ತದೆ. ಅಂಥ ಗಾರೆ ಮಾರನೇ ವಾರ ಬೆರಳಲ್ಲಿ ಉಜ್ಜಿದರೆ ಸೀಮೆಸುಣ್ಣದ ಪುಡಿಯಂತೆ ಉದುರುತ್ತದೆ.

ಗಾರೆ ಗಟ್ಟಿಯಾಗಿರಬೇಕು, ಕೈಯಲ್ಲಿ ಉಂಡೆ ಮಾಡಿದರೆ ನಿಲ್ಲಬೇಕು, ಅಂಗೈಗೆ ಅಂಟಬಾರದು. ಆಳದ ಸಂದನ್ನು ಒಂದೇ ಸಲಕ್ಕೆ ತುಂಬಬಾರದು. 20ರಿಂದ 25 ಮಿ.ಮೀ. ಪದರ, ತೆಳು ಕಬ್ಬಿಣದ ಪಟ್ಟಿಯಿಂದ ಒಳಕ್ಕೆ ಗಟ್ಟಿಯಾಗಿ ಒತ್ತಿ, ಅದು ಬಿಗಿದುಕೊಂಡ ಮೇಲೆ ಮುಂದಿನದು. ಸಂದು ಅಗಲವಾಗಿದ್ದರೆ ಅದೇ ಜಾತಿಯ ಕಲ್ಲಿನ ಚಕ್ಕೆಗಳನ್ನು ಗಾರೆಯೊಳಗೆ ಬೆಣೆಯಂತೆ ಸಿಕ್ಕಿಸುತ್ತೇವೆ. ಇದರಿಂದ ಗಾರೆ ಕಡಿಮೆ ಸಾಕು, ಕುಗ್ಗುವುದೂ ಕಡಿಮೆ. ಮೂಲ ಕಟ್ಟುವವರೂ ಹೀಗೇ ಮಾಡಿದ್ದರು.

ತುಂಬಿದೊಡನೆ ನುಣುಪು ಮಾಡಲು ಹೋಗಬೇಡಿ. ಕರಣೆಯಿಂದ ಉಜ್ಜಿದರೆ ಸುಣ್ಣವೆಲ್ಲ ಮೇಲೆ ಬಂದು ಒಂದು ಚರ್ಮ ಕಟ್ಟುತ್ತದೆ, ಒಳಗೆ ಗಾಳಿ ಹೋಗುವುದಿಲ್ಲ. ಕಾಯಬೇಕು. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒಳಗಿಳಿಯಬಾರದು. ಹವೆ ನೋಡಿಕೊಂಡು ಇದಕ್ಕೆ ಕೆಲವು ಗಂಟೆ, ಕೆಲವು ಸಲ ಮಾರನೇ ದಿನ. ಆಗ ಗಡಸು ಕೂದಲಿನ ಬ್ರಷ್ಷಿನಿಂದ ನೇರವಾಗಿ ಕುಟ್ಟಬೇಕು, ಸವರಬಾರದು. ಮೇಲಿನ ಸುಣ್ಣದ ಪೊರೆ ಒಡೆದು ಮರಳಿನ ಕಾಳು ಎದ್ದು ಕಾಣುತ್ತದೆ, ಕುಗ್ಗಿದ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಹೊಸ ಸಂದು ಹಳೆಯದರ ಪಕ್ಕ ಕಣ್ಣಿಗೆ ಚುಚ್ಚುವುದಿಲ್ಲ. ಸಂದು ಕಲ್ಲಿನ ಸವೆದ ಅಂಚಿಗಿಂತ ಕೊಂಚ ಒಳಗೇ ನಿಲ್ಲಬೇಕು. ಅಂಚಿನ ಮೇಲೆ ಹರಡಿದ ಗಾರೆ ಮೊದಲ ಹಿಮಕ್ಕೇ ಎದ್ದುಹೋಗುತ್ತದೆ.

ಆಮೇಲೆ ಒದ್ದೆ ಗೋಣಿತಟ್ಟು, ಅದರ ಹೊರಗೆ ಪ್ಲಾಸ್ಟಿಕ್ ಹೊದಿಕೆ, ಕನಿಷ್ಠ 7 ದಿನ. ಗೋಣಿ ಗಾರೆಗೆ ತಾಗದೆ ಒಂದು ಗೇಣು ದೂರ ನೇತಾಡಬೇಕು. ಈ ಕಡಲ ತೀರದಲ್ಲಿ ಬಿಸಿಲಿಗಿಂತ ಗಾಳಿಯೇ ಹೆಚ್ಚು ಒಣಗಿಸುತ್ತದೆ. ತಾಪ 5 ಡಿಗ್ರಿಗೆ ಇಳಿಯುವ ಸೂಚನೆ ಇದ್ದರೆ ಕೆಲಸ ಶುರುಮಾಡುವುದೇ ಬೇಡ. ಗಟ್ಟಿಯಾಗದ ಗಾರೆಯೊಳಗಿನ ನೀರು ಹೆಪ್ಪುಗಟ್ಟಿದರೆ ಪದರ ಪದರವಾಗಿ ಸೀಳಿಹೋಗುತ್ತದೆ. ಹಸಿ ಸಂದಿನ ಮೇಲೆ ಮಳೆ ಹೊಡೆದರೆ ಕರಗಿದ ಸುಣ್ಣ ಕಲ್ಲಿನ ಮೇಲೆ ಬಿಳಿ ಧಾರೆಯಾಗಿ ಇಳಿದು ಅಲ್ಲೇ ಕಲ್ಲಾಗುತ್ತದೆ. ಅದನ್ನು ತೆಗೆಯುವುದು ಬಹಳ ಕಷ್ಟ.

ನೆತ್ತಿ: ಅಸಲಿ ಕೆಲಸ ಇಲ್ಲಿದೆ

ಹಾಸನದ ಶೆಟ್ಟಿಹಳ್ಳಿಯ ಪಾಳು ಚರ್ಚು ನೋಡಿದವರಿಗೆ ಗೊತ್ತು, ಅಲ್ಲಿ ಹೇಮಾವತಿ ಹಿನ್ನೀರು ಗೋಡೆಯನ್ನು ಬುಡದಿಂದ ನೆನೆಸುತ್ತದೆ. ಬಿಷಪರ ಅರಮನೆಗಳಲ್ಲಿ ಶತ್ರು ಮೇಲಿಂದ ಬರುತ್ತದೆ. ಸಂದು ಎಷ್ಟೇ ಚೆನ್ನಾಗಿ ತುಂಬಿದರೂ ನೆತ್ತಿ ತೆರೆದಿದ್ದರೆ ನೀರು ಒಡಲಿನೊಳಕ್ಕೆ ಇಳಿದು ಸುಣ್ಣ ತೊಳೆಯುತ್ತದೆ, ಚೂರುಕಲ್ಲು ಕೆಳಗೆ ಕೂರುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಹಣ ಕಡಿಮೆ ಇದ್ದರೆ ಸಂದು ಬಿಟ್ಟು ನೆತ್ತಿ ಮಾಡಿ ಎನ್ನುತ್ತೇನೆ.

ಮೊದಲು ನೆತ್ತಿಯ ಹುಲ್ಲು, ಮಣ್ಣು ಎತ್ತಿ ಪಕ್ಕಕ್ಕೆ ಇಡಬೇಕು, ಎಸೆಯಬಾರದು, ಮತ್ತೆ ಬೇಕಾಗುತ್ತದೆ. ಒಡಲಿನ ಚೂರುಕಲ್ಲುಗಳ ಫೋಟೋ ನೇರ ಮೇಲಿನಿಂದ. ಕೈಯಲ್ಲಿ ಅಲುಗಿಸಿದರೆ ಅಲುಗುವ ಕಲ್ಲನ್ನು ಮಾತ್ರ ಎತ್ತಿ, ಅದು ಇದ್ದ ಏರುತಗ್ಗಿನಲ್ಲೇ ಸುಣ್ಣದ ಗಾರೆಯ ಮೇಲೆ ಕೂರಿಸಬೇಕು. ನೆತ್ತಿಯನ್ನು ಸಮತಟ್ಟು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ, ಮುರಿದ ಗೋಡೆ ಮುರಿದಂತೆಯೇ ಕಾಣಬೇಕು, ಇಲ್ಲದಿದ್ದರೆ ಅದು ಅಷ್ಟೇ ಎತ್ತರ ಕಟ್ಟಿದ್ದೆಂದು ಮುಂದಿನವರು ನಂಬುತ್ತಾರೆ. ಆದರೆ ಪ್ರತಿ ತಗ್ಗಿನಿಂದಲೂ ನೀರು ಹೊರಗೆ ಹರಿಯಲು ದಾರಿ ಇರಬೇಕು. ಬಕೆಟ್ ನೀರು ಸುರಿದು ನೋಡುತ್ತೇವೆ. ಎಲ್ಲಾದರೂ ನಿಂತರೆ ಅಲ್ಲಿಗೆ ಇನ್ನೊಂದು ಚಕ್ಕೆ.

ಅದರ ಮೇಲೆ ಹುಲ್ಲಿನ ಟೋಪಿ. ಹಿಂದೆ ಹುಲ್ಲನ್ನು ಕಳೆ ಎಂದು ಕೆರೆದು ಸಿಮೆಂಟು ಹಾಕುತ್ತಿದ್ದರು. ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ ಪಾಳುಗೋಡೆಗಳ ಮೇಲೆ ಅಳತೆ ಮಾಡಿ ನೋಡಿದಾಗ, ಹುಲ್ಲು ಮಣ್ಣಿನ ಹೊದಿಕೆಯ ಕೆಳಗೆ ತಾಪದ ಏರಿಳಿತ ಬಹಳ ಕಡಿಮೆಯಾಗುತ್ತದೆ, ಹಿಮದ ಹೊಡೆತ ತಗ್ಗುತ್ತದೆ ಎಂದು ಕಂಡುಬಂತು. ಸ್ಪಂಜಿನಂತೆ ಮಳೆ ಹೀರಿ, ಗಾಳಿಗೆ ನಿಧಾನವಾಗಿ ಬಿಡುತ್ತದೆ. ನಾವು ಹಾಕುವ ಕ್ರಮ: ಕೆಳಗೆ ಜೇಡಿ ಹೆಚ್ಚಿರುವ ಮಣ್ಣು ಅಂಗೈ ದಪ್ಪ, ಅದರ ಮೇಲೆ ಹುಲ್ಲುಹಾಸಿನ ಒಂದು ಪದರ ತಲೆಕೆಳಗಾಗಿ, ಅದರ ಮೇಲೆ ಇನ್ನೊಂದು ಪದರ ಹಸಿರು ಮೇಲಾಗಿ. ಒಟ್ಟು ದಪ್ಪ 100ರಿಂದ 150 ಮಿ.ಮೀ. ಅಂಚಿನಲ್ಲಿ ಹುಲ್ಲು ಕಲ್ಲಿನಾಚೆ ಒಂದೆರಡು ಅಂಗುಲ ಇಳಿಬಿದ್ದರೆ ನೀರು ಗೋಡೆಗೆ ತಾಗದೆ ತೊಟ್ಟಿಕ್ಕುತ್ತದೆ. ಸೆಪ್ಟೆಂಬರ್ ಕೊನೆಗೆ ಹಾಕಿದರೆ ಚಳಿಗಾಲದ ಮಳೆಯಲ್ಲಿ ಬೇರು ಹಿಡಿಯುತ್ತದೆ. ಮೇ ತಿಂಗಳಲ್ಲಿ ಹಾಕಿದ್ದು ಮೊದಲ ಒಣಗಾಳಿಗೆ ಸುರುಳಿ ಸುತ್ತಿಕೊಂಡು ಹಾರಿಹೋಗುತ್ತದೆ. 100 ಮಿ.ಮೀ.ಗಿಂತ ತೆಳುವಾದರೂ ಅದೇ ಗತಿ.

ಡಿ ಗವರ್ ಅವರ ಕಮಾನು ಸಾಲಿನಂಥ ಅಲಂಕಾರದ ನೆತ್ತಿಗೆ ಹುಲ್ಲು ಹಾಕಲಾಗದು, ಬಣ್ಣದ ಕಲ್ಲು ಮುಚ್ಚಿಹೋಗುತ್ತದೆ. ಅಲ್ಲಿ ಬರೀ ಸುಣ್ಣದ ಸಂದು, ಮತ್ತು ಪದೇ ಪದೇ ತಪಾಸಣೆ.

ಹೊಟ್ಟೆ ಬಿಟ್ಟ ಗೋಡೆ, ನೆಲಮಾಳಿಗೆ

ಟೊಳ್ಳಾದ ಒಡಲಿಗೆ ಸಾರಿನಂತೆ ತೆಳುವಾದ ಸುಣ್ಣದ ಗ್ರೌಟ್ ಇಳಿಸುತ್ತೇವೆ. ಪಂಪು ಬೇಡ, ಒತ್ತಡಕ್ಕೆ ಮೈಕಲ್ಲು ಹೊರಗೆ ಜಿಗಿಯುತ್ತದೆ. ಮೇಲೊಂದು ಬಕೆಟ್, ಅದರಿಂದ ಕೊಳವೆ, ಇಳಿಯುವುದು ಬರೀ ತೂಕಕ್ಕೆ. ಮೊದಲು ನೀರು ಬಿಟ್ಟು ಎಲ್ಲಿ ಸೋರುತ್ತದೆ ನೋಡಿ, ಆ ಸಂದುಗಳಿಗೆ ಮಣ್ಣು ಮೆತ್ತಿ ನಿಲ್ಲಿಸಬೇಕು. ಕೆಳಗಿನಿಂದ ಮೇಲಕ್ಕೆ, ಒಂದು ದಿನಕ್ಕೆ ಅರ್ಧ ಮೀಟರ್ ಎತ್ತರ ಮೀರಬಾರದು. ಎಷ್ಟು ಲೀಟರ್ ಹೋಯಿತೆಂದು ಬರೆದಿಡಬೇಕು. ಲೆಕ್ಕಕ್ಕಿಂತ ಬಹಳ ಹೆಚ್ಚು ಹೋಗುತ್ತಿದ್ದರೆ ನಿಲ್ಲಿಸಿ. ಅದು ಹಳೆಯ ಕಕ್ಕಸಿನ ಕೊಳವೆಗೋ ಚರಂಡಿಗೋ ಸೇರುತ್ತಿದೆ. ಮೊದಲು ಗೋಡೆ ಓದಿದ್ದರ ಪ್ರಯೋಜನ ಇಲ್ಲಿ ತಿಳಿಯುತ್ತದೆ.

ನೆಲಮಾಳಿಗೆಯ ಕಮಾನಿಗೆ ತೊಂದರೆ ಅದರ ಬೆನ್ನಿನ ಮೇಲೆ, ಅಂದರೆ ಹಿಂದಿನ ಸಭಾಂಗಣದ ನೆಲದ ಮೇಲೆ. ಅಲ್ಲಿ ನೀರು ನಿಂತರೆ ಕೆಳಗೆ ಜಿನುಗಿ ಸುಣ್ಣದ ಕೊಳವೆಕಡ್ಡಿಗಳು ತೂಗುತ್ತವೆ. ಅವು ನೋಡಲು ಗುಹೆಯ ಸೊಬಗು, ಆದರೆ ಅಷ್ಟೂ ಸುಣ್ಣ ಕಮಾನಿನ ಸಂದಿನಿಂದಲೇ ಬಂದದ್ದು. ಕೆಳಗಿನಿಂದ ಸಂದು ಮುಚ್ಚಿದರೆ ನೀರು ಒಳಗೇ ಉಳಿಯುತ್ತದೆ. ಮೇಲಿನ ಇಳಿಜಾರು ಸರಿಮಾಡಿ, ಹಳೆಯ ನೀರುದಾರಿಗಳ ಕಸ ತೆಗೆದು, ಒಂದು ವರ್ಷ ಒಣಗಲು ಬಿಟ್ಟು ಆಮೇಲೆ ಕೆಳಗಿನ ಸಂದಿಗೆ ಕೈ ಹಾಕಬೇಕು.

ಕೆತ್ತಿದ ಮುಖಗಳ ತಂಟೆಗೆ ಗಾರೆಯವರು ಹೋಗಬಾರದು. ಮೂಗು ಸವೆದ ಚಾಚುಗಲ್ಲಿಗೆ ಹೊಸ ಮೂಗು ಮಾಡುವುದು ನಮ್ಮ ಕೆಲಸವಲ್ಲ. ನಮ್ಮ ಕೆಲಸ ಅದರ ಮೇಲಿನ ಸಂದು ತುಂಬಿ, ನೀರು ಮುಖದ ಮೇಲೆ ಇಳಿಯದಂತೆ ಪಕ್ಕಕ್ಕೆ ತಿರುಗಿಸುವುದು. ಪದರ ಏಳುತ್ತಿದ್ದರೆ ಶಿಲ್ಪ ಸಂರಕ್ಷಣೆಯವರನ್ನು ಕರೆಸಬೇಕು, ಅಲ್ಲಿಯವರೆಗೆ ಬ್ರಷ್ಷನ್ನೂ ತಾಗಿಸಬಾರದು.

ಕೆಲಸ ಮುಗಿದ ಮೇಲೆ ಸಾರುವೆ ಬಿಚ್ಚುವ ಮೊದಲು ಪೂರ್ತಿ ಒಂದು ದಿನ ಜೋರು ಮಳೆಗೆ ಕಾಯುತ್ತೇವೆ. ಮಳೆಯಲ್ಲೇ ಮೇಲೆ ಹತ್ತಿ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ ಚಿತ್ರದ ಮೇಲೆ ಗುರುತು ಹಾಕುತ್ತೇವೆ. ಮಳೆ ನಿಂತು ಎರಡು ದಿನದ ಮೇಲೆ ಮತ್ತೆ ಬಂದು, ಇನ್ನೂ ಒಣಗದೆ ಕಪ್ಪಗೆ ಉಳಿದ ತೇಪೆಗಳನ್ನು ಹುಡುಕುತ್ತೇವೆ. ಆ ತೇಪೆಯ ನೇರ ಮೇಲೆ ನೆತ್ತಿಯಲ್ಲಿ ಎಲ್ಲೋ ಒಂದು ಸಂದು ತಪ್ಪಿದೆ ಎಂದು ಲೆಕ್ಕ. ಮುಂದಿನ ಏಪ್ರಿಲ್‌ನಲ್ಲಿ ಚಳಿಗಾಲ ಕಳೆದ ಗೋಡೆಗೆ ಮತ್ತೊಂದು ಸುತ್ತು: ಎದ್ದ ಸಂದು, ನೆತ್ತಿಯ ಹುಲ್ಲಿನಲ್ಲಿ ಮೊಳೆತ ಮರದ ಸಸಿ, ತೂತಿಗೆ ಮರಳಿದ ಕಾಗೆ. ಸಸಿಯನ್ನು ಬೆರಳುದ್ದ ಇರುವಾಗಲೇ ಕೀಳಬೇಕು. ಕಾಗೆ ಕೂತಿದ್ದರೆ ಆ ಭಾಗದ ಕೆಲಸ ಸೆಪ್ಟೆಂಬರ್‌ಗೆ.